ಡಬ್ಬಿಯಲ್ಲಿ ಏನುಂಟು ಎಂದು ಕೇಳೋಣ

ಕಳೆದ ವರ್ಷ ಕ್ರಿಸ್ಮಸ್‌ನ ಮರುದಿನ ನಮ್ಮ ತರಗತಿಯ ಗೆಳೆಯನೊಬ್ಬ ಒಂದು ದೊಡ್ಡ ಸ್ಟೀಲ್ ಡಬ್ಬಿ ತಂದಿದ್ದ. ಆಗ ನಾವು ಪ್ರಥಮ ಪಿಯುಸಿ. ಮಧ್ಯಾಹ್ನದ ಬೆಲ್ ಆದ ಮೇಲೆ ಅವನು ಮುಚ್ಚಳ ತೆಗೆದು ಡಬ್ಬಿಯನ್ನು ಮೊದಲ ಬೆಂಚಿನಿಂದ ಹಿಂದಕ್ಕೆ ಕಳಿಸಿದ. ಒಳಗೆ ಕುಸ್ವಾರ್ ಇತ್ತು. ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಮೇಲಿನಿಂದ ಬಂದು ಹಾಸ್ಟೆಲಿನಲ್ಲಿರುವ ಗೆಳೆಯರಿಗಾಗಿ ಹೇಳುತ್ತೇನೆ: ಮಂಗಳೂರಿನ ಕಡೆ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ಮಾಡುವ ಬಗೆಬಗೆಯ ತಿಂಡಿಗಳಿಗೆ ಒಟ್ಟಾಗಿ ಕುಸ್ವಾರ್ ಎನ್ನುತ್ತಾರೆ. ನಾವು ಅಚ್ಚಪ್ಪ ಎಂದು ಕರೆಯುವ ಹೂವಿನಂಥ ತಿಂಡಿ, ಹೂರಣ ತುಂಬಿ ಕರಿದ ನೆವ್ರಿ, ಸಕ್ಕರೆ ಪಾಕ ಹಿಡಿದ ಕಿಡಿಯೊ, ಚಕ್ಕುಲಿ, ಜೊತೆಗೆ ಪ್ಲಮ್ ಕೇಕ್. ಅವರು ಇದನ್ನು ತಾವಷ್ಟೇ ತಿನ್ನುವುದಿಲ್ಲ. ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗಳಿಗೆಲ್ಲ ಕೊಟ್ಟು ಬರುತ್ತಾರೆ.

ಡಬ್ಬಿ ಏಳು ಬೆಂಚು ಸುತ್ತಿ ಅವನ ಕೈಗೆ ವಾಪಸ್ ಬಂದಾಗ ಹೆಚ್ಚುಕಡಿಮೆ ತುಂಬಿಯೇ ಇತ್ತು.

ಯಾರೂ ಬೇಡ ಎಂದು ಜೋರಾಗಿ ಹೇಳಲಿಲ್ಲ. ಒಬ್ಬ ಈಗಷ್ಟೇ ಊಟ ಆಯಿತು ಎಂದ. ಇನ್ನೊಬ್ಬನಿಗೆ ಹಲ್ಲುನೋವು. ನಾನು ಏನು ಹೇಳಿದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ: "ಹೊಟ್ಟೆ ಫುಲ್ ಮಾರಾಯ, ಆಮೇಲೆ ತಿಂತೇನೆ." ನಾನು ಅಂದು ಬುತ್ತಿ ತಂದಿರಲಿಲ್ಲ, ಹಸಿವಾಗಿತ್ತು. ಅವನು ಎಲ್ಲರ ಮುಖ ನೋಡಿದ, ಮುಚ್ಚಳ ಹಾಕಿದ, ಡಬ್ಬಿಯನ್ನು ಬ್ಯಾಗಿನಲ್ಲಿಟ್ಟ. ಅವನ ಬೆಂಚಿನಿಂದ ಹಿಂದಕ್ಕೆ ಒಂದು ಪಿಸುಮಾತು ಓಡುತ್ತಿತ್ತು. ಕೇಕಿನಲ್ಲಿ ರಮ್ ಹಾಕುತ್ತಾರಂತೆ, ಕರಿಯಲು ಹಂದಿ ಕೊಬ್ಬು ಬಳಸುತ್ತಾರಂತೆ. ಅಂತೆ, ಅಂತೆ. ಈ ಅಂತೆಗಳು ಅವನ ಕಿವಿಗೂ ಬಿದ್ದಿರಬೇಕು. ನಮ್ಮ ತರಗತಿ ಅಷ್ಟೇನೂ ದೊಡ್ಡದಲ್ಲ.

ಈ ಲೇಖನ ಬರೆಯಲು ಕಾರಣ ಆ ಡಬ್ಬಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ತಿನ್ನದೇ ಇದ್ದದ್ದು ತಪ್ಪಲ್ಲ. ಹಲಾಲ್ ಹರಾಮ್ ನೋಡಿ ತಿನ್ನುವುದು ನಮ್ಮ ಹಕ್ಕು, ನಮ್ಮ ಕರ್ತವ್ಯ ಕೂಡ. ತಪ್ಪಾದದ್ದು ಕೇಳದೇ ಇದ್ದದ್ದರಲ್ಲಿ. "ಇದರಲ್ಲಿ ಏನೆಲ್ಲ ಹಾಕಿದ್ದಾರೆ?" ಎಂಬ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ಕೇಳಿದರೆ ಅವನಿಗೆ ಬೇಸರವಾದೀತು ಎಂದು ನಾವು ನಮಗೇ ಸಮಾಧಾನ ಹೇಳಿಕೊಂಡೆವು. ಕೇಳದೆ ಸುಳ್ಳು ಹೇಳಿದ್ದರಿಂದ ಬೇಸರವಾಗಲಿಲ್ಲವೇ?

ಈ ಡಿಸೆಂಬರ್ ಆರಂಭದಲ್ಲಿ, ಪ್ರಾಕ್ಟಿಕಲ್ ರೆಕಾರ್ಡ್‌ಗೆ ಸಹಿ ಹಾಕಿಸಲು ಸಾಲಿನಲ್ಲಿ ನಿಂತಿದ್ದಾಗ, ಧೈರ್ಯ ಮಾಡಿ ಅವನ ಹತ್ತಿರ ಕೇಳಿದೆ. ಒಂದು ವರ್ಷ ತಡವಾಗಿ. "ಹೋದ ವರ್ಷ ತಂದಿದ್ದೆಯಲ್ಲ, ಅದರಲ್ಲಿ ರಮ್ ಇತ್ತಾ?" ಅವನು ನನ್ನನ್ನೊಮ್ಮೆ ನೋಡಿ ನಕ್ಕ. ಪೂರ್ತಿ ಖುಷಿಯ ನಗು ಅಲ್ಲ. "ನಮ್ಮ ಮನೆಯ ಕೇಕಿಗೆ ಹಾಕ್ತಾರೆ. ಕಾಲೇಜಿಗೆ ತಂದದ್ದಕ್ಕೆ ಹಾಕಿರಲಿಲ್ಲ. ಮಮ್ಮಿ ದ್ರಾಕ್ಷಿ, ಖರ್ಜೂರವನ್ನೆಲ್ಲ ಬೇರೆ ಪಾತ್ರೆಯಲ್ಲಿ ಕಿತ್ತಳೆ ರಸದಲ್ಲಿ ನೆನೆಸಿ ಬೇರೆಯೇ ಕೇಕ್ ಮಾಡಿದ್ದು, ನಿಮಗೆಲ್ಲ ಆಗ್ಬೇಕಲ್ಲ ಅಂತ. ಕರಿದದ್ದು ತೆಂಗಿನೆಣ್ಣೆಯಲ್ಲಿ, ಅದೂ ಹೊಸ ಎಣ್ಣೆ." ಆಮೇಲೆ ಸ್ವಲ್ಪ ಸುಮ್ಮನಿದ್ದು, "ನೀವು ಕೇಳಿದ್ರೆ ಹೇಳ್ತಿದ್ದೆ" ಎಂದ.

ಆ ತಾಯಿ ನಮ್ಮ ಬಗ್ಗೆ ಯೋಚಿಸಿ ಎರಡು ಬಾರಿ ಓವನ್ ಹೊತ್ತಿಸಿದ್ದರು. ಆ ಕೇಕ್ ಹೋದ ಹಾಗೆಯೇ ಮನೆಗೆ ವಾಪಸ್ ಬಂದಾಗ ಅವರು ಮಗನ ಹತ್ತಿರ ಏನು ಕೇಳಿರಬಹುದು, ಅವನು ಏನು ಹೇಳಿರಬಹುದು ಎಂದು ನಾನು ಆ ದಿನ ಬಸ್ಸಿನಲ್ಲಿ ಯೋಚಿಸುತ್ತಲೇ ಇದ್ದೆ. ನನ್ನ ಸ್ಟಾಪ್ ದಾಟಿ ಹೋದದ್ದು ಗೊತ್ತಾಗಲಿಲ್ಲ.

ನಮ್ಮಲ್ಲಿ ಹಲವರಿಗೆ ಇದರ ಇನ್ನೊಂದು ಮುಖ ಗೊತ್ತಿರಲೇಬೇಕು. 2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲ ಎಂಬ ಬ್ಯಾನರ್‌ಗಳು ಬಿದ್ದಾಗ ನಾವು ಹೈಸ್ಕೂಲಿನಲ್ಲೋ ಅದಕ್ಕಿಂತ ಕೆಳಗೋ ಇದ್ದೆವು. ಅದೇ ವರ್ಷ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಪ್ರಚಾರವೂ ನಡೆಯಿತು. ನನ್ನ ಮಾಮ, ಅಂದರೆ ಉಮ್ಮನ ತಮ್ಮ, ಇಪ್ಪತ್ತು ವರ್ಷದಿಂದ ಬೇಕರಿ ಕೆಲಸದಲ್ಲಿದ್ದಾರೆ. ಬೇಕರಿ ತಿಂಡಿಯಲ್ಲಿ ಏನೇನೋ ಬೆರೆಸುತ್ತಾರೆ ಎಂಬ ವಾಟ್ಸಾಪ್ ವಿಡಿಯೊಗಳು ಓಡಾಡಿದ ದಿನಗಳಲ್ಲಿ ವರ್ಷಗಟ್ಟಲೆ ಬರುತ್ತಿದ್ದ ಕೆಲವು ಗಿರಾಕಿಗಳು ಬರುವುದನ್ನೇ ನಿಲ್ಲಿಸಿದರಂತೆ. ಒಬ್ಬರು ಮಾತ್ರ ನೇರವಾಗಿ ಬಂದು ಕೇಳಿದರು. ಮಾಮ ಅವರನ್ನು ಒಳಗೆ ಕರೆದುಕೊಂಡು ಹೋಗಿ ಹಿಟ್ಟು ನಾದುವ ಜಾಗ, ಟ್ರೇ, ಓವನ್ ಎಲ್ಲ ತೋರಿಸಿದರು. ಅವರು ಇಂದಿಗೂ ಬರುತ್ತಾರೆ. "ಕೇಳಿದವರಿಗೆ ಒಳಗೆ ಕರೆದು ತೋರಿಸಬಹುದು. ಕೇಳದೆ ಹೋದವರಿಗೆ ಎಂತ ಮಾಡುವುದು?" ಎಂದು ಮಾಮ ಆಗ ಹೇಳಿದ ಮಾತು ನನಗೆ ಈಗ ಅರ್ಥವಾಯಿತು. ನಮ್ಮ ಕೈಯ ಆಹಾರವನ್ನು ಸಂಶಯದಿಂದ ನೋಡಿದಾಗ ನಮಗೆ ಎಷ್ಟು ಉರಿಯಿತು! ಅದೇ ಸಂಶಯವನ್ನು ನಾವು, ಒಂದು ಕೋಣೆಯಲ್ಲಿ ನಾವೇ ಹೆಚ್ಚು ಜನ ಇರುವಾಗ, ಒಬ್ಬ ಹುಡುಗನ ಮೇಲೆ ಹಾಕಿದೆವು. ಎರಡೂ ಒಂದೇ ತೂಕದ್ದಲ್ಲ, ಒಪ್ಪುತ್ತೇನೆ. ಅಲ್ಲಿ ಹೊಟ್ಟೆಪಾಡಿನ ಪ್ರಶ್ನೆ ಇತ್ತು, ಇಲ್ಲಿ ಒಂದು ಡಬ್ಬಿ. ಆದರೆ ಎರಡೂ ಕಡೆ ಕೆಲಸ ಮಾಡಿದ್ದು ಅದೇ ಪಿಸುಮಾತು.

ಹೀಗೆ ಈ ವರ್ಷ ನಾನೇ ಒಂದು ಡಬ್ಬಿ ತುಂಬಿಸಿ ಅವನಿಗೆ ಕೊಡಬೇಕು ಎಂದು ತೀರ್ಮಾನಿಸಿದೆ. ಕ್ರಿಸ್ಮಸ್‌ಗೆ ಮುಂಚೆ, ಅವನ ಹಬ್ಬಕ್ಕೆ, ನನ್ನ ಕೈಯಿಂದ.

ವಿಷಯ ಗೊತ್ತಾದ ಕೂಡಲೇ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಶುರುವಾಯಿತು. "ಎಂತ, ನೀನು ಕ್ರಿಸ್ಮಸ್ ಆಚರಿಸುವುದಾ?" ಎಂದು ಒಬ್ಬ. ಇದು ಗಂಭೀರವಾದ ಪ್ರಶ್ನೆಯೇ. ನಗೆಯಲ್ಲಿ ತೇಲಿಸುವಂಥದ್ದಲ್ಲ. ನಾನು ವಿದ್ವಾಂಸನಲ್ಲ, ಹಾಗಾಗಿ ನಮ್ಮ ಮೊಹಲ್ಲಾದ ಉಸ್ತಾದರನ್ನು ಕೇಳಿದೆ. ಇತರರ ಧಾರ್ಮಿಕ ಆಚರಣೆಯಲ್ಲಿ ಪಾಲುಗೊಳ್ಳುವುದು ಬೇರೆ, ನೆರೆಯವರೊಂದಿಗೆ ಆಹಾರ ಹಂಚಿಕೊಳ್ಳುವುದು ಬೇರೆ ಎಂದು ಅವರು ಬಿಡಿಸಿ ಹೇಳಿದರು. ಹಬ್ಬದ ಶುಭಾಶಯ, ಉಡುಗೊರೆಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆ, ಅದನ್ನೂ ತಿಳಿದುಕೊಂಡಿರು ಎಂದರು. ಪವಿತ್ರ ಕುರ್‌ಆನ್‌ನ ಅಲ್ ಮಾಇದ ಅಧ್ಯಾಯದ 5ನೇ ವಚನವನ್ನು ನೆನಪಿಸಿದರು. ಗ್ರಂಥದವರ ಆಹಾರ ನಮಗೆ, ನಮ್ಮ ಆಹಾರ ಅವರಿಗೆ ಸಮ್ಮತ ಎಂಬುದು ಅದರ ತಾತ್ಪರ್ಯ. ಹಾಗೆಂದು ಮದ್ಯ, ಹಂದಿ ಸಮ್ಮತವಾಗುವುದಿಲ್ಲ ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಉಸ್ತಾದರು ಹೇಳಿದ ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಹೆಚ್ಚು ನಾಟಿತು. ಸಹಾಬಿ ಅಬ್ದುಲ್ಲಾ ಇಬ್ನ್ ಅಮ್ರ್(ರ) ಅವರ ಮನೆಯಲ್ಲಿ ಒಮ್ಮೆ ಕುರಿ ಕಡಿದಿದ್ದರು. ಅವರು ಮನೆಯವರನ್ನು ಮೊದಲು ಕೇಳಿದ್ದು, ನಮ್ಮ ಯಹೂದಿ ನೆರೆಯವನಿಗೆ ಇದರಲ್ಲಿ ಪಾಲು ಕಳಿಸಿದಿರಾ ಎಂದು. ಒಂದು ಸಲ ಕೇಳಿ ಸುಮ್ಮನಾಗಲಿಲ್ಲ, ಮತ್ತೆ ಕೇಳಿದರು. ನೆರೆಯವರ ಹಕ್ಕಿನ ಬಗ್ಗೆ ಪ್ರವಾದಿ(ಸ) ಅಷ್ಟು ಒತ್ತಿ ಹೇಳಿದ್ದನ್ನು ಅವರು ಕಿವಿಯಾರೆ ಕೇಳಿದ್ದರು. ನನ್ನ ಗೆಳೆಯ ನನ್ನ ಗೋಡೆಯ ಪಕ್ಕದ ನೆರೆಯವನಲ್ಲ. ಆದರೆ ದಿನಕ್ಕೆ ಆರು ಗಂಟೆ ಒಂದೇ ಕೋಣೆಯಲ್ಲಿ ಕೂರುವವನು ನೆರೆಯವನಲ್ಲದೆ ಮತ್ತೇನು?

ಆದ್ದರಿಂದ ನನ್ನ ನಿಲುವು ಇಷ್ಟು. ನಾನು ಮನೆಯಲ್ಲಿ ನಕ್ಷತ್ರ ತೂಗುಹಾಕಲಿಲ್ಲ, ಕ್ರಿಸ್ಮಸ್ ಮರ ಇಡಲಿಲ್ಲ. ಆ ಹಬ್ಬ ಅವನದು. ಈದ್‌ಗೆ ಅವನು ನಮ್ಮ ಮನೆಗೆ ಬಂದು ಬಿರಿಯಾನಿ ಉಂಡಾಗ ಅವನೇನೂ ನಮಾಜಿಗೆ ನಿಂತಿರಲಿಲ್ಲ. ಬೇರೆ ಅಭಿಪ್ರಾಯ ಇರುವ ಗೆಳೆಯರಿದ್ದಾರೆ. ಅವರನ್ನು ಗೌರವಿಸುತ್ತೇನೆ. ಅವರು ಹಬ್ಬ ಕಳೆದು ವಾರದ ನಂತರವೇ ಕೊಡಲಿ. ಕೊಡುವುದಂತೂ ಆಗಲಿ.

"ನಾವೇ ಯಾಕೆ ಯಾವಾಗಲೂ ಒಳ್ಳೆಯವರೆಂದು ತೋರಿಸಿಕೊಳ್ಳಬೇಕು?" ಎಂದು ಕೇಳಿದವನಿಗೂ ಉತ್ತರ ಕೊಡಬೇಕು. ಅವನ ಸಿಟ್ಟು ನನಗೂ ಇದೆ. ಆದರೆ ಇಲ್ಲಿ ನಾನು ಯಾರಿಗೂ ಏನನ್ನೂ ತೋರಿಸುತ್ತಿರಲಿಲ್ಲ. ಹಸಿದಿದ್ದಾಗ ಹೊಟ್ಟೆ ಫುಲ್ ಎಂದು ಸುಳ್ಳು ಹೇಳಿದ್ದೆ. ಅದರ ಬಾಕಿ ತೀರಿಸಬೇಕಿತ್ತು.

ಏನು ಮಾಡುವುದು ಎಂಬುದಕ್ಕೆ ಹೆಚ್ಚು ಯೋಚಿಸಲಿಲ್ಲ. ಕುಸ್ವಾರ್ ಅವರ ಮನೆಯಲ್ಲಿ ನಮಗಿಂತ ಹತ್ತು ಪಾಲು ಚೆನ್ನಾಗಿ ಮಾಡುತ್ತಾರೆ. ಕೇಕ್ ಮಾಮನ ಸಾಮ್ರಾಜ್ಯ. ನಾನು ಜಾಮ್ ಬಿಸ್ಕತ್ತು ಆರಿಸಿಕೊಂಡೆ. ಎರಡು ಬಿಸ್ಕತ್ತುಗಳ ನಡುವೆ ಜಾಮ್, ಮೇಲಿನದಕ್ಕೆ ತೂತು, ತೂತಿನಲ್ಲಿ ಕೆಂಪಗೆ ಕಾಣುವ ಜಾಮ್. ಬ್ರಿಟಾನಿಯಾದ ಜಿಮ್ ಜಾಮ್ ತಿಂದು ಬೆಳೆದ ನಮಗೆ ಇದು ಗೊತ್ತಿಲ್ಲದ್ದೇನಲ್ಲ. ಮೇಲಿನ ಬಿಸ್ಕತ್ತು ಬಿಡಿಸಿ, ಜಾಮ್ ನೆಕ್ಕಿ, ಉಳಿದದ್ದನ್ನು ತಮ್ಮನಿಗೆ ಕೊಟ್ಟವರು ಕೈಯೆತ್ತಿ!

ಇದರ ಮೂಲ ಹುಡುಕುತ್ತಾ ಹೋದರೆ ಆಸ್ಟ್ರಿಯಾ ದೇಶದ ಲಿಂಜ್ ಪಟ್ಟಣ ಸಿಗುತ್ತದೆ. ಡ್ಯಾನ್ಯೂಬ್ ನದಿಯ ದಡದ ಊರು. ಆ ಊರಿನ ಹೆಸರಿನ ಲಿಂಜರ್ ಟಾರ್ಟ್ ಎಂಬ ಜಾಮ್ ತುಂಬಿದ ಕೇಕಿನ ಅತಿ ಹಳೆಯ ಪಾಕವಿಧಾನ 1653ರದ್ದು, ಅಡ್ಮಾಂಟ್ ಎಂಬಲ್ಲಿನ ಕ್ರೈಸ್ತ ಮಠದ ಹಸ್ತಪ್ರತಿಯಲ್ಲಿ ಸಿಕ್ಕಿದೆ. ಅದೇ ಬಗೆಯ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ ಎರಡೆರಡು ಜೋಡಿಸಿದರೆ ಈ ಬಿಸ್ಕತ್ತು. ಅಲ್ಲಿನವರು ಇದಕ್ಕೆ ಲಿಂಜ್‌ನ ಕಣ್ಣುಗಳು ಎಂಬ ಅರ್ಥದ ಹೆಸರಿಟ್ಟಿದ್ದಾರೆ, ತೂತುಗಳು ಕಣ್ಣಿನಂತೆ ಕಾಣುವುದರಿಂದ. ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ ಮನೆಮನೆಯಲ್ಲಿ ಬಗೆಬಗೆಯ ಸಣ್ಣ ಬಿಸ್ಕತ್ತು ಸುಟ್ಟು, ತಗಡಿನ ಡಬ್ಬಿಗಳಲ್ಲಿ ತುಂಬಿಸಿ, ನೆಂಟರಿಗೆ ನೆರೆಯವರಿಗೆ ಕೊಡುವುದು ಅಲ್ಲಿನ ಪದ್ಧತಿ. ಅವರ ಕುಸ್ವಾರ್ ಎನ್ನಿ. ಬಾದಾಮಿ ಅಥವಾ ಹೇಜಲ್‌ನಟ್ ಪುಡಿ, ಚಕ್ಕೆ, ಲವಂಗ ಹಾಕುತ್ತಾರೆ. ಆ ಚಕ್ಕೆ ಲವಂಗ ಆಲ್ಪ್ಸ್ ಬೆಟ್ಟದಲ್ಲಿ ಬೆಳೆದದ್ದಲ್ಲ, ನಮ್ಮ ಸಮುದ್ರದ ಕಡೆಯಿಂದಲೇ ಹೋದದ್ದು. ಸಕ್ಕರೆ ಎಂಬ ಪದವೂ ಸಂಸ್ಕೃತದ ಶರ್ಕರಾದಿಂದ ಹೊರಟು, ಅರಬಿಯಲ್ಲಿ ಸುಕ್ಕರ್ ಆಗಿ, ಯುರೋಪಿನ ಭಾಷೆಗಳಿಗೆ ಹೋಗಿ ಸೇರಿದ್ದು. ಇದು ಯಾರ ತಿಂಡಿ ಎಂದು ಜಗಳ ಮಾಡಲು ಹೊರಟರೆ ಹಿಟ್ಟು ಹುಳಿ ಬರುತ್ತದೆ.

ಸಾಮಾನು ತರುವಾಗ ಒಂದು ಪಾಠ ಆಯಿತು. ಇನ್ನೊಬ್ಬರ ತಿಂಡಿಯಲ್ಲಿ ಏನಿದೆ ಎಂದು ಪಿಸುಗುಟ್ಟುವ ನನಗೆ ನಮ್ಮ ಅಡುಗೆಮನೆಯ ಡಬ್ಬಿಗಳಲ್ಲೇ ಏನಿದೆ ಎಂದು ಗೊತ್ತಿರಲಿಲ್ಲ. ವೆನಿಲಾ ಎಸೆನ್ಸ್ ಬಾಟಲಿ ವರ್ಷಗಳಿಂದ ಕಪಾಟಿನಲ್ಲಿದೆ. ಕೆಲವು ಎಸೆನ್ಸ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ. ನಮ್ಮದರ ಲೇಬಲ್ ಅಳಿಸಿಹೋಗಿತ್ತು, ಪಕ್ಕಕ್ಕಿಟ್ಟೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ನಾವು ನಿಶ್ಚಿಂತರಾಗುತ್ತೇವೆ. ಅದು ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಆಲ್ಕೋಹಾಲ್ ಬಗ್ಗೆ ಏನೂ ಹೇಳುವುದಿಲ್ಲ. ಜಾಮ್ ಗಟ್ಟಿಯಾಗಲು ಸಾಮಾನ್ಯವಾಗಿ ಹಾಕುವುದು ಪೆಕ್ಟಿನ್, ಹಣ್ಣಿನಿಂದ ಬರುವಂಥದ್ದು, ಲೇಬಲ್ಲಿನಲ್ಲಿ ಅದರ ಸಂಖ್ಯೆ 440. ಜೆಲ್ಲಿ ಮಿಠಾಯಿಗಳಲ್ಲಿ ಇರುವ ಜೆಲಾಟಿನ್ ಪ್ರಾಣಿಮೂಲದ್ದು, ಸಂಖ್ಯೆ 428. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ. ರಸಾಯನಶಾಸ್ತ್ರದ ಪರೀಕ್ಷೆಗೆ ಬರುವುದಿಲ್ಲ, ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಸಂಗತಿ. ನಮ್ಮ ತರಗತಿಯಲ್ಲಿ ಮೊಟ್ಟೆ ತಿನ್ನದ ಇಬ್ಬರಿದ್ದಾರೆ. ಗೆಳೆಯ ಹೇಗೂ ಡಬ್ಬಿಯನ್ನು ತರಗತಿಯಲ್ಲೇ ತೆರೆಯುತ್ತಾನೆ. ಹಾಗಾಗಿ ಮೊಟ್ಟೆಯ ಹಳದಿ ಭಾಗದ ಬದಲು ಎರಡು ಚಮಚ ತಣ್ಣನೆಯ ಹಾಲು ಹಾಕಿದೆ. ಆ ಇಬ್ಬರ ಹತ್ತಿರ ಮೊದಲೇ ಕೇಳಿದೆ, ನಿಮಗೆ ಏನೆಲ್ಲ ಆಗುವುದಿಲ್ಲ ಎಂದು. ಕೇಳುವುದು ಇಷ್ಟು ಸುಲಭ ಎಂದು ಗೊತ್ತಿದ್ದರೆ!

ಮಾಡಿ ನೋಡುವವರಿಗೆ ಅಳತೆ ಹೇಳುತ್ತೇನೆ. ಮೈದಾ 250 ಗ್ರಾಂ, ಬೆಣ್ಣೆ 150 ಗ್ರಾಂ, ಸಕ್ಕರೆ ಪುಡಿ 100 ಗ್ರಾಂ, ಗೇರುಬೀಜದ ಪುಡಿ 100 ಗ್ರಾಂ, ಅರ್ಧ ಚಮಚ ಚಕ್ಕೆ ಪುಡಿ, ಚಿಟಿಕೆ ಉಪ್ಪು. ಬಾದಾಮಿಯ ಬದಲು ಗೇರುಬೀಜ, ಊರಿನದ್ದೇ ಇರುವಾಗ ಬೇರೆ ಯಾಕೆ? ಮಿಕ್ಸಿಯಲ್ಲಿ ಪುಡಿ ಮಾಡುವಾಗ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಇಲ್ಲವಾದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹಿಟ್ಟನ್ನು ಚಪಾತಿ ಹಿಟ್ಟಿನಂತೆ ನಾದಬಾರದು, ಒಟ್ಟುಗೂಡಿಸಿದರೆ ಸಾಕು. ಒಂದು ಗಂಟೆ ಫ್ರಿಜ್ಜಿನಲ್ಲಿಡಬೇಕು. ಲಿಂಜ್‌ನಲ್ಲಿ ಡಿಸೆಂಬರ್ ಎಂದರೆ ಹಿಮ, ನಮ್ಮಲ್ಲಿ ಡಿಸೆಂಬರ್ ಮಧ್ಯಾಹ್ನವೂ ಫ್ಯಾನ್ ಬೇಕು. ಬೆಣ್ಣೆ ಕರಗಿ ಹಿಟ್ಟು ಲಟ್ಟಣಿಗೆಗೆ ಅಂಟುತ್ತದೆ. ನಾನು ಮೂರು ಸಲ ಅದನ್ನು ಫ್ರಿಜ್ಜಿಗೆ ವಾಪಸ್ ಕಳಿಸಿದೆ. ಸ್ವಲ್ಪ ಸ್ವಲ್ಪವೇ ಹೊರತೆಗೆದು ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಸಣ್ಣ ಡಬ್ಬಿಯ ಮುಚ್ಚಳದಲ್ಲಿ ದುಂಡಗೆ ಕತ್ತರಿಸಿದೆ. ಅರ್ಧದಷ್ಟಕ್ಕೆ ತೂತು ಮಾಡಲು ತೊಳೆದ ಔಷಧಿ ಬಾಟಲಿಯ ಮುಚ್ಚಳ. 170 ಡಿಗ್ರಿಯಲ್ಲಿ ಹತ್ತು ಹನ್ನೆರಡು ನಿಮಿಷ. ಅಂಚು ತುಸು ಕಂದಾದರೆ ಹೊರತೆಗೆಯಬೇಕು. ಬಿಸಿ ಇರುವಾಗ ಮೆತ್ತಗಿರುತ್ತದೆ, ಬೇಯಲಿಲ್ಲ ಎಂದು ಮತ್ತೆ ಒಳಗಿಟ್ಟರೆ ಕೆಟ್ಟಿತು. ನನ್ನ ಮೊದಲ ಟ್ರೇ ಹಾಗೆಯೇ ಕಪ್ಪಾಯಿತು. ಅದನ್ನು ಚಹಾದಲ್ಲಿ ಅದ್ದಿ ಅಜ್ಜಿ ಎರಡು ದಿನ ತಿಂದರು, ಚೆನ್ನಾಗುಂಟು ಎಂದು ಹೇಳುತ್ತಲೇ. ಈ ಅಳತೆಗೆ ನಲವತ್ತು ಜೋಡಿಯ ಹತ್ತಿರ ಬರುತ್ತದೆ.

ಜಾಮ್ ಮನೆಯಲ್ಲೇ ಮಾಡಿದೆ. ಆಸ್ಟ್ರಿಯಾದಲ್ಲಿ ಕೆಂಪು ಕರಂಟ್ ಎಂಬ ಹುಳಿ ಹಣ್ಣಿನ ಜಾಮ್ ಹಾಕುತ್ತಾರೆ. ನಾನು ಅನಾನಸು ತುರಿದು ಸಕ್ಕರೆ ಜೊತೆ ಕುದಿಸಿ, ಬಣ್ಣಕ್ಕೂ ಹುಳಿಗೂ ಒಣಗಿದ ಪುನರ್ಪುಳಿ ಸಿಪ್ಪೆ ನೆನೆಸಿದ ನೀರು ಸೇರಿಸಿದೆ. ಕಡುಗೆಂಪು ಬಂತು. ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿಯಾಗಬೇಕು, ಇಲ್ಲದಿದ್ದರೆ ಬಿಸ್ಕತ್ತು ನೀರು ಕುಡಿದು ಸೋಲುತ್ತದೆ. ತೂತಿನ ಬಿಸ್ಕತ್ತುಗಳಿಗೆ ಸಕ್ಕರೆ ಪುಡಿ ಉದುರಿಸಿದ ಮೇಲೆಯೇ ಜೋಡಿಸಬೇಕು, ಆಗ ಜಾಮ್ ಮೇಲೆ ಪುಡಿ ಬೀಳುವುದಿಲ್ಲ. ಇಷ್ಟೆಲ್ಲ ಅಚ್ಚುಕಟ್ಟಾಗಿ ಮಾಡಿ ರಾತ್ರಿ ತಟ್ಟೆಯಲ್ಲಿ ತೆರೆದಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ನಮ್ಮ ಕರಾವಳಿಯ ಗಾಳಿ ಸಕ್ಕರೆ ಪುಡಿಯನ್ನೆಲ್ಲ ನೀರಾಗಿಸಿತ್ತು. ಮತ್ತೆ ಉದುರಿಸಿ, ಗಾಳಿಯಾಡದ ಡಬ್ಬಿಗೆ ತುಂಬಿಸಿದೆ.

"ಹುಡುಗನಿಗೆ ಇದೆಲ್ಲ ಯಾಕೆ?" ಎಂದು ಮನೆಗೆ ಬಂದ ಸಂಬಂಧಿಕರೊಬ್ಬರು ಕೇಳಿದರು. ಅವರು ಪ್ರತಿದಿನ ಚಹಾಕ್ಕೆ ತಿನ್ನುವ ಬನ್ನು, ಖಾರಿ, ರಸ್ಕ್ ಮಾಡುವವರು ಯಾರು ಎಂದು ಅವರು ಯೋಚಿಸಿರಲಿಕ್ಕಿಲ್ಲ.

ಬೇಕರಿಯ ಮಾತು ಬಂತಲ್ಲ. ಮಾಮನ ಡಿಸೆಂಬರ್ ಎಂದರೆ ಪ್ಲಮ್ ಕೇಕಿನ ಆರ್ಡರ್‌ಗಳು, ರಾತ್ರಿಪಾಳಿ. ಅವರ ಕೈಯ ಕೇಕ್ ಎಷ್ಟೋ ಕ್ರೈಸ್ತ ಮನೆಗಳ ಮೇಜಿನ ಮೇಲಿರುತ್ತದೆ, ಇದನ್ನು ಯಾರೂ ವಿಶೇಷ ಎಂದು ಹೇಳಿಕೊಳ್ಳುವುದಿಲ್ಲ. ನಮ್ಮಿಂದ ರೈಲಿನಲ್ಲಿ ಎರಡು ಮೂರು ಗಂಟೆ ದೂರದ ತಲಶ್ಶೇರಿಯಲ್ಲಿ, 1883ರ ಕ್ರಿಸ್ಮಸ್‌ಗೆ ಮರ್ಡಾಕ್ ಬ್ರೌನ್ ಎಂಬ ತೋಟದ ಮಾಲಿಕರು ಇಂಗ್ಲೆಂಡಿನ ಕೇಕ್ ಒಂದನ್ನು ಮಾದರಿಯಾಗಿ ಕೊಟ್ಟು ಮಾಡಿಸಿದ ಕೇಕನ್ನು ಭಾರತದ ಮೊದಲ ಕ್ರಿಸ್ಮಸ್ ಕೇಕ್ ಎನ್ನುತ್ತಾರೆ. ಅದನ್ನು ಮಾಡಿದ ಮಂಬಳ್ಳಿ ಬಾಪು ಕ್ರೈಸ್ತರಲ್ಲ. ಕೋಲ್ಕತ್ತಾದ ನ್ಯೂ ಮಾರ್ಕೆಟ್‌ನಲ್ಲಿ ನಹೂಮ್ಸ್ ಎಂಬ ಬೇಕರಿ ಇದೆ, 1902ರಲ್ಲಿ ಯಹೂದಿ ಕುಟುಂಬವೊಂದು ಆರಂಭಿಸಿದ್ದು. ಅಲ್ಲಿ ಕ್ರಿಸ್ಮಸ್ ಕೇಕಿಗೆ ಜನ ಸಾಲು ನಿಲ್ಲುತ್ತಾರೆ. ಹಿಟ್ಟು ಕಲಸಿ ಓವನ್ನಿಗೆ ಇಡುವವರಲ್ಲಿ ಮುಸ್ಲಿಮರಿದ್ದಾರೆ. ಅಲ್ಲಿ ಯಾರೂ ಯಾರ ಹಬ್ಬವನ್ನೂ ಕದ್ದುಕೊಂಡಿಲ್ಲ.

ಡಿಸೆಂಬರ್ 24ರಂದು ಡಬ್ಬಿ ತಂದೆ. ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿದ್ದೆ. ಮೈದಾ, ಬೆಣ್ಣೆ, ಸಕ್ಕರೆ, ಗೇರುಬೀಜ, ಹಾಲು, ಚಕ್ಕೆ, ಉಪ್ಪು, ಅನಾನಸು, ಪುನರ್ಪುಳಿ. ಮೊಟ್ಟೆ ಇಲ್ಲ, ಎಸೆನ್ಸ್ ಇಲ್ಲ. ಗೆಳೆಯ ಚೀಟಿಯನ್ನು ಪೂರ್ತಿ ಓದಿದ. "ರಮ್ ಇಲ್ವಾ?" ಎಂದ. ಇಬ್ಬರೂ ನಕ್ಕೆವು. ಈ ಸಲದ ನಗು ಸರಿಯಾಗಿತ್ತು. ಡಬ್ಬಿ ಏಳು ಬೆಂಚು ಸುತ್ತಿತು. ವಾಪಸ್ ಬಂದಾಗ ಎಷ್ಟು ಉಳಿದಿತ್ತು ಎಂದರೆ, ಅವನ ಮನೆಗೆ ಬೇಕು ಎಂದು ನಾನು ಬೇರೆಯಾಗಿ ಎತ್ತಿಟ್ಟ ಹನ್ನೆರಡು ಮಾತ್ರ. ಒಬ್ಬ ತಿನ್ನಲಿಲ್ಲ. ಗೇರುಬೀಜ ತಿಂದರೆ ತನಗೆ ಮೈಯೆಲ್ಲ ತುರಿಸುತ್ತದೆ ಎಂದ, ಚೀಟಿ ಓದಿ ಗೊತ್ತಾಯಿತು ಎಂದ. ಹಲಾಲ್, ಸಸ್ಯಾಹಾರ ಎಂದು ಮಾತ್ರ ಯೋಚಿಸಿದ್ದ ನನಗೆ ಇದು ಹೊಳೆದೇ ಇರಲಿಲ್ಲ.

ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ಮತ್ತು ವಿದ್ಯಾರ್ಥಿ ಸಂಘದವರಲ್ಲಿ ಒಂದು ವಿನಂತಿ ಇದೆ. ನಮ್ಮ ಕಾಲೇಜಿನ ಆಹಾರ ಮೇಳದಲ್ಲಿ ಪ್ರತಿ ಸ್ಟಾಲಿನಲ್ಲೂ ಇಂಥದೊಂದು ಚೀಟಿ ಕಡ್ಡಾಯ ಮಾಡಬೇಕು. ಮೊಟ್ಟೆ ಇದೆಯೇ, ಮಾಂಸ ಯಾವುದು, ಕರಿದದ್ದು ಯಾವ ಎಣ್ಣೆಯಲ್ಲಿ, ಬೀಜಗಳಿವೆಯೇ. ಕಳೆದ ಬಾರಿ ಮೇಳದಲ್ಲಿ ಕ್ರೈಸ್ತ ಮತ್ತು ಹಿಂದೂ ಗೆಳೆಯರು ಹಲವರು ಐಸ್‌ಕ್ರೀಂ ಮಾತ್ರ ತಿಂದು ಹೋದದ್ದನ್ನು ನಾನು ನೋಡಿದ್ದೇನೆ. ಅವರೂ ನಮ್ಮ ಹಾಗೆಯೇ ಹೊಟ್ಟೆ ಫುಲ್ ಎಂದಿರಬೇಕು. ಅವರಿಗೆ ಕೇಳಲು ಸಂಕೋಚ, ಯಾಕೆಂದರೆ ಇಲ್ಲಿ ಅವರು ಕಡಿಮೆ ಜನ. ಹೆಚ್ಚು ಜನ ಇರುವ ನಾವೇ ಮೊದಲು ಬರೆದಿಡುವುದು ನ್ಯಾಯ. ಕ್ಯಾಂಟೀನಿನ ಫಲಕದಲ್ಲೂ ಇದನ್ನು ಬರೆಯಲು ಹೆಚ್ಚೇನು ಖರ್ಚಿಲ್ಲ, ಒಂದು ಸೀಮೆಸುಣ್ಣ ಸಾಕು. ತರಗತಿಗೆ ಯಾರಾದರೂ ತಿಂಡಿ ತಂದರೆ ನಾವು ಎದುರಿಗೇ ಕೇಳುವುದನ್ನು ರೂಢಿ ಮಾಡಿಕೊಳ್ಳೋಣ. ಆಗದಿದ್ದರೆ "ಇದು ನನಗೆ ಆಗುವುದಿಲ್ಲ, ಬೇಸರ ಮಾಡಬೇಡ" ಎಂದು ನಿಜವನ್ನೇ ಹೇಳೋಣ.

ಡಬ್ಬಿ ಇನ್ನೂ ವಾಪಸ್ ಬಂದಿಲ್ಲ. ಖಾಲಿ ಡಬ್ಬಿ ಕೊಡಬಾರದು ಎಂದು ಅವನ ಮಮ್ಮಿ ಇಟ್ಟುಕೊಂಡಿದ್ದಾರಂತೆ. ಅದು ಅಡುಗೆಮನೆಯ ಒಳ್ಳೆಯ ಡಬ್ಬಿ, ಉಮ್ಮ ದಿನಕ್ಕೊಮ್ಮೆ ಕೇಳುತ್ತಿದ್ದಾರೆ.